ಅಡುಗೆಮನೆಯ ಡಬ್ಬಿಗಳಿಗೆ ಗೊತ್ತಿರುವುದು ಮೂರೇ ಕೆಲಸ

(ಹಾಸನದಲ್ಲಿ ಮಹಿಳಾ ಸಂಘವೊಂದರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತನಾಡಿದವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು.)

ನೀವು ಬರೆದುಕೊಟ್ಟ ಚೀಟಿಗಳನ್ನೆಲ್ಲ ಓದಿದೆ. ಮುಖ, ಕೂದಲು, ಹಿಮ್ಮಡಿ, ಎಲ್ಲದರ ಬಗ್ಗೆಯೂ ಕೇಳಿದ್ದೀರಿ. ಆದರೆ ಒಂದು ಪ್ರಶ್ನೆ ಮಾತ್ರ ಚೀಟಿಯಿಂದ ಚೀಟಿಗೆ ಬರುತ್ತಲೇ ಇದೆ: 'ಬೆಳ್ಳಗಾಗಲು ಮನೆಯಲ್ಲೇ ಏನು ಹಚ್ಚಬಹುದು?' ಈ ಉತ್ತರಕ್ಕೆ ನಿಮ್ಮನ್ನು ಕೊನೆಯವರೆಗೆ ಕಾಯಿಸುವುದಿಲ್ಲ. ಏನೂ ಇಲ್ಲ. ಕಡಲೆಹಿಟ್ಟಿನಿಂದ ಆಗುವುದಿಲ್ಲ, ಕೆನೆಯಿಂದ ಆಗುವುದಿಲ್ಲ, ಕೇಸರಿಯಿಂದಲೂ ಆಗುವುದಿಲ್ಲ. ಚರ್ಮದ ಬಣ್ಣ ಒಳಗೆ ಮೆಲನಿನ್ ಅನ್ನುವ ಬಣ್ಣದ ಪದಾರ್ಥ ಎಷ್ಟು ತಯಾರಾಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಅದು ಅಪ್ಪ ಅಮ್ಮನಿಂದ ಬಂದದ್ದು. ಬಿಸಿಲಿಗೆ ಕಪ್ಪಾದದ್ದು ಬಿಸಿಲು ತಪ್ಪಿಸಿದರೆ ನಿಧಾನಕ್ಕೆ ತಿಳಿಯಾಗುತ್ತದೆ, ಅಷ್ಟೇ. ಜಿಡ್ಡು, ಧೂಳು ಹೋದಾಗ ಮುಖಕ್ಕೆ ಒಂದು ಕಳೆ ಬರುತ್ತದೆ. ಅದನ್ನೇ ನಾವು 'ಬೆಳ್ಳಗಾಯ್ತು' ಅಂದುಕೊಳ್ಳುತ್ತೇವೆ.

ಇಷ್ಟು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಇಬ್ಬರು ಬ್ಯಾಗ್ ಎತ್ತಿಕೊಂಡರು. ಕೂತ್ಕೊಳ್ಳಿ, ಕೂತ್ಕೊಳ್ಳಿ. ಉಪಯೋಗಕ್ಕೆ ಬರುವುದು ಬೇಕಾದಷ್ಟಿದೆ.

ನನ್ನ ಲೆಕ್ಕದಲ್ಲಿ ಅಡುಗೆಮನೆಯ ಪದಾರ್ಥಗಳು ಮೈಗೂ ಕೂದಲಿಗೂ ಮೂರು ಕೆಲಸ ಚೆನ್ನಾಗಿ ಮಾಡುತ್ತವೆ. ಒಂದು, ಜಿಡ್ಡು ತೊಳೆಯುತ್ತವೆ. ಎರಡು, ಒರಟಾದದ್ದನ್ನು ನುಣುಪು ಮಾಡುತ್ತವೆ. ಮೂರು, ಇರುವ ತೇವ ಆರಿಹೋಗದಂತೆ ತಡೆಯುತ್ತವೆ. ಯಾವ ಡಬ್ಬಿ ಯಾವ ಕೆಲಸದ್ದು ಅಂತ ಗೊತ್ತಿದ್ದರೆ ಸಾಕು. ಮೊಬೈಲಿನಲ್ಲಿ ಬರುವ ವಿಡಿಯೊಗಳಲ್ಲಿ ಒಂದೇ ಬಟ್ಟಲಿಗೆ ಹತ್ತು ಪದಾರ್ಥ ಸುರಿಯುತ್ತಾರೆ. ಅದರಲ್ಲಿ ಏನು ಏನನ್ನು ಮಾಡಿತು ಅಂತ ಹಚ್ಚಿದವರಿಗೂ ಗೊತ್ತಿಲ್ಲ, ತೋರಿಸಿದವರಿಗೂ ಗೊತ್ತಿಲ್ಲ.

ಕೂದಲಿನಿಂದ ಶುರು ಮಾಡೋಣ. ನಿಮ್ಮಲ್ಲಿ ಅರಸೀಕೆರೆ ಕಡೆಯವರೂ ಇದ್ದೀರಿ, ಸಕಲೇಶಪುರದವರೂ ಇದ್ದೀರಿ. ಒಂದೇ ಜಿಲ್ಲೆ, ಆದರೆ ನೀರು ಬೇರೆ, ಗಾಳಿ ಬೇರೆ. ಅರಸೀಕೆರೆ ಕಡೆ ಬೋರ್‌ವೆಲ್ಲಿನ ಗಡಸು ನೀರು. ಆ ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕರಗದ ಬಿಳಿ ಜಿಡ್ಡಾಗುತ್ತದೆ. ಬಚ್ಚಲ ಬಕೆಟ್ಟಿನ ಒಳಗೆ ಸುತ್ತ ಅಂಟಿಕೊಳ್ಳುತ್ತದಲ್ಲ, ಅದೇ. ಸೋಪಿನಲ್ಲಿ ತಲೆ ತೊಳೆದರೆ ಅದು ಕೂದಲಿಗೂ ಅಂಟುತ್ತದೆ. 'ಎಷ್ಟು ತೊಳೆದರೂ ಕೂದಲು ಜಿಗುಟು' ಅಂತ ಒಬ್ಬರು ಬರೆದಿದ್ದೀರಿ. ಮೊದಲು ಸೋಪು ಬಿಡಿ.

ಸೀಗೆಕಾಯಿ ಈ ಜಿಡ್ಡು ಮಾಡುವುದಿಲ್ಲ. ಸೀಗೆಯಲ್ಲಿ, ಅಂಟುವಾಳದಲ್ಲಿ ನೊರೆ ಬರಿಸುವುದು ಸಪೋನಿನ್ ಅನ್ನುವ ಪದಾರ್ಥ. ಅದರ ತಾಕತ್ತು ಶಾಂಪೂಗಿಂತ ಕಡಿಮೆ. ಅದೇ ಅದರ ಒಳ್ಳೆಯ ಗುಣ ಕೂಡ. ಎಣ್ಣೆ ಹಚ್ಚಿದ ತಲೆಯಿಂದ ಹೆಚ್ಚಾದದ್ದನ್ನು ಎಳೆದುಕೊಳ್ಳುತ್ತದೆ, ಒಂದಿಷ್ಟು ಅಲ್ಲೇ ಬಿಡುತ್ತದೆ. ಜೊತೆಗೆ ಸೀಗೆ ನೀರು ಸ್ವಲ್ಪ ಹುಳಿ, ಸೋಪು ಕ್ಷಾರ. ಕೂದಲಿನ ಮೇಲ್ಪದರ ನಮ್ಮ ಮಲೆನಾಡಿನ ಮನೆಗಳ ಹೆಂಚಿನ ಮಾಡಿನ ಹಾಗೆ, ಒಂದರ ಮೇಲೊಂದು ಹೊದಿಸಿದ ಪದರ. ಕ್ಷಾರ ತಾಗಿದರೆ ಆ ಪದರ ಎದ್ದು ನಿಲ್ಲುತ್ತದೆ, ಕೂದಲು ಒರಟಾಗಿ ಸಿಕ್ಕಾಗುತ್ತದೆ. ಸ್ವಲ್ಪ ಹುಳಿ ತಾಗಿದರೆ ಮಲಗುತ್ತದೆ.

ಪುಡಿ ಮಾಡಿಸುವವರು ಒಂದು ಕೆಜಿ ಸೀಗೆಕಾಯಿಗೆ ಕಾಲು ಕೆಜಿ ಹೆಸರುಕಾಳು, ನೂರು ಗ್ರಾಂ ಮೆಂತ್ಯ, ನೆರಳಿನಲ್ಲಿ ಒಣಗಿಸಿದ ದಾಸವಾಳದ ಎಲೆ ಎರಡು ಹಿಡಿ ಸೇರಿಸಿಕೊಳ್ಳಿ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಕಾಯಿಯೇ ಆಗಬೇಕು. ಕೈಯಲ್ಲಿ ಮುರಿದರೆ ಟಪ್ ಅನ್ನಬೇಕು, ಬಗ್ಗಬಾರದು. ಹಿಟ್ಟಿನ ಮಿಲ್ಲಿನವರು ಸೀಗೆಕಾಯಿ ಅಂದ ಕೂಡಲೇ ಮುಖ ಸಿಂಡರಿಸುತ್ತಾರೆ. ಪಾಪ, ಅವರ ತಪ್ಪಲ್ಲ. ಆ ಘಾಟಿಗೆ ಸಾಲಿನಲ್ಲಿ ನಿಂತವರೆಲ್ಲ ಸೀನುತ್ತಾರೆ, ಆಮೇಲೆ ರಾಗಿ ಬೀಸಲು ಬಂದವರು ಜಗಳಕ್ಕೆ ನಿಲ್ಲುತ್ತಾರೆ. ಸಂಜೆ ಮಿಲ್ಲು ಮುಚ್ಚುವ ಹೊತ್ತಿಗೆ ಹೋಗಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಪುಡಿಗಿಂತ ನನಗೆ ಕಷಾಯವೇ ಮೇಲು ಅನ್ನಿಸುತ್ತದೆ. ಏಳೆಂಟು ಕಾಯಿ ಮುರಿದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹತ್ತು ನಿಮಿಷ ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ಕೂದಲಲ್ಲಿ ಪುಡಿಯ ಚೂರು ಉಳಿಯುವುದಿಲ್ಲ. ತಲೆ ಹಿಂದಕ್ಕೆ ಬಾಗಿಸಿ ಎರೆದುಕೊಳ್ಳಿ. ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ಚಿಕ್ಕಂದಿನಲ್ಲಿ ಅಜ್ಜಿ ಕೈಯಲ್ಲಿ ಎರೆಸಿಕೊಂಡವರಿಗೆ ನಾನು ಹೇಳಬೇಕಾಗಿಲ್ಲ, ಅಲ್ವಾ?

ಎರಡನೆಯ ಕೆಲಸ ನುಣುಪು. ಅಂಗಡಿಯ ಕಂಡಿಷನರ್ ಮಾಡುವ ಕೆಲಸದ ಒಂದು ಪಾಲನ್ನು ಮಲೆನಾಡಿನಲ್ಲಿ ಗೊಂಪು ಮಾಡುತ್ತದೆ. ಬಯಲುಸೀಮೆಯವರು ದಾಸವಾಳದ ಲೋಳೆ ಅನ್ನಿ, ಒಂದೇ. ಮಾಡುವ ರೀತಿ ನೋಡಿ. ಕೆಂಪು ದಾಸವಾಳದ ಬಲಿತ ಎಲೆ ಎರಡು ಹಿಡಿ ಕಿತ್ತು ತೊಳೆಯಿರಿ. ಅಗಲದ ಪಾತ್ರೆಯಲ್ಲಿ ತಣ್ಣೀರು ಹಾಕಿ, ಎಲೆಯನ್ನು ಕೈಯಲ್ಲೇ ಕಿವುಚಿ. ಮೊದಲ ಎರಡು ನಿಮಿಷ ಏನೂ ಆಗುವುದಿಲ್ಲ. ನೀರು ಬರೀ ಹಸಿರಾಗುತ್ತದೆ, 'ಇದೇನು ಸುಮ್ನೆ' ಅನ್ನಿಸುತ್ತದೆ. ಬಿಡಬೇಡಿ. ಆಮೇಲೆ ಬೆರಳಿನ ಸಂದಿಯಲ್ಲಿ ನೀರು ದಪ್ಪಗಾಗುತ್ತಾ ಬರುತ್ತದೆ. ಕೈ ಎತ್ತಿದರೆ ಎಳೆ ಎಳೆಯಾಗಿ ಇಳಿಯಬೇಕು. ಆಗ ಜರಡಿಯಲ್ಲಿ ಸೋಸಿ. ಮಿಕ್ಸಿಗೆ ಹಾಕಬೇಡಿ. ಮಿಕ್ಸಿಯಲ್ಲಿ ಎಲೆ ಸಣ್ಣ ಚೂರಾಗಿ ಲೋಳೆಯ ಜೊತೆಗೇ ಬಂದುಬಿಡುತ್ತದೆ. ಎರಡು ದಿನ ತಲೆ ಬಾಚಿದಾಗೆಲ್ಲ ಹಸಿರು ಪುಡಿ ಉದುರುತ್ತದೆ. ತೊಳೆದ ತಲೆಗೆ ಈ ಲೋಳೆ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ, ನೀರು ಹಾಕಿಕೊಳ್ಳಿ.

ದಾಸವಾಳ ಇಲ್ಲದವರು ಮೆಂತ್ಯ ನೆನೆಸಿ ರುಬ್ಬಿ. ಅದರ ಲೋಳೆಗೂ ಇದೇ ಗುಣ. ಅಕ್ಕಚ್ಚಿನ ಬಗ್ಗೆಯೂ ಕೇಳಿದ್ದೀರಿ. ಅಕ್ಕಿ ತೊಳೆದ ನೀರಿನ ಗಂಜಿ ಅಂಶ ಕೂದಲಿನ ಮೇಲೆ ತೆಳ್ಳಗೆ ಕೂರುತ್ತದೆ, ಸ್ವಲ್ಪ ನುಣುಪಾಗುತ್ತದೆ. ಚೀನಾದ ಯಾವೊ ಜನಾಂಗದ ಹೆಂಗಸರು ಹುಳಿ ಬರಿಸಿದ ಅಕ್ಕಚ್ಚಿನಲ್ಲೇ ತಲೆ ತೊಳೆಯುವವರು, ಅವರ ಕೂದಲು ಬಲು ಉದ್ದ. ಆದರೆ ಉದ್ದಕ್ಕೆ ಅಕ್ಕಚ್ಚೇ ಕಾರಣ ಅಂತ ಹೇಳಲಾಗದು. ಅವರು ಕೂದಲು ಕತ್ತರಿಸುವುದೇ ಅಪರೂಪ.

ಇಲ್ಲಿ ಒಂದು ಮಾತು. ತಲೆಯಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಅನ್ನುವ ಪ್ರೋಟೀನ್, ಉಗುರಿನಲ್ಲಿರುವುದೂ ಅದೇ. ಹಾಗಾಗಿ 'ಕೂದಲಿಗೆ ಪೋಷಣೆ' ಅಂತ ಬಾಟಲಿ ಮೇಲೆ ಬರೆದದ್ದನ್ನು ನಾನು ನಂಬುವುದಿಲ್ಲ. ಉಣ್ಣುವ ಬಾಯಿ ಕೂದಲಿಗೆ ಇಲ್ಲ. ಪೋಷಣೆ ಏನಿದ್ದರೂ ಬುಡಕ್ಕೆ, ಅದೂ ರಕ್ತದ ಮೂಲಕ.

ಹಾಗಾದರೆ ಎಣ್ಣೆ ಯಾಕೆ? ಎಣ್ಣೆ ಮೂರನೆಯ ಕೆಲಸದ್ದು. ಕೂದಲು ನೆನೆದಾಗ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿಯೇ ಅದು ಸವೆಯುವುದು. ಎಣ್ಣೆ ಆ ನೀರಿನ ಓಡಾಟವನ್ನು ತಗ್ಗಿಸುತ್ತದೆ. 2003ರಲ್ಲಿ ಮುಂಬೈನ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಕೂದಲಿಗೆ ಹಚ್ಚಿ ನೋಡಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಹೋಗುವುದನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ಅದು ಎಣ್ಣೆ ಮಾರುವ ಕಂಪನಿಯೊಂದರ ಪ್ರಯೋಗಾಲಯದಲ್ಲೇ ನಡೆದ ಕೆಲಸ ಅನ್ನುವುದನ್ನೂ ಹೇಳಿಬಿಡಬೇಕು. ಆದರೂ ಅದರ ಹಿಂದಿನ ಕಾರಣ ಗಟ್ಟಿ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಅದರ ಕಣ ಚಿಕ್ಕದು, ನೇರ. ಕೂದಲಿನ ಒಳಕ್ಕೆ ಇಳಿಯುತ್ತದೆ. ಬೇರೆ ಎಣ್ಣೆಗಳು ಹೆಚ್ಚಾಗಿ ಮೇಲೆಯೇ ಉಳಿಯುತ್ತವೆ.

ಅಂದರೆ ಎಣ್ಣೆ ಹಚ್ಚಬೇಕಾದದ್ದು ತೊಳೆಯುವ ಮೊದಲು. ಅರ್ಧ ಗಂಟೆ, ಒಂದು ಗಂಟೆ ಸಾಕು, ರಾತ್ರಿಯಿಡೀ ದಿಂಬು ಹಾಳು ಮಾಡಬೇಕಿಲ್ಲ. ಬುಡಕ್ಕಿಂತ ತುದಿಗೆ ಜಾಸ್ತಿ ಹಚ್ಚಿ, ಹಳೆಯ ಕೂದಲು ಇರುವುದು ಅಲ್ಲೇ. ಚಳಿಗಾಲದಲ್ಲಿ ನಮ್ಮ ಕಡೆ ಎಣ್ಣೆ ಹೆಪ್ಪುಗಟ್ಟುತ್ತದೆ, ಅದು ಕಲಬೆರಕೆಯ ಗುರುತಲ್ಲ. ಸುಮಾರು 24 ಡಿಗ್ರಿಗಿಂತ ತಂಪಾದರೆ ಒಳ್ಳೆಯ ಕೊಬ್ಬರಿ ಎಣ್ಣೆ ಗಟ್ಟಿಯಾಗಲೇಬೇಕು. ಡಿಸೆಂಬರ್ ಬೆಳಿಗ್ಗೆಯೂ ನೀರಾಗಿಯೇ ಇದ್ದರೆ ಆಗ ಅನುಮಾನಪಡಿ. ಅರಸೀಕೆರೆಯವರಿಗೆ ನಾನು ತೆಂಗಿನ ಪಾಠ ಹೇಳುವುದೂ ಒಂದೇ, ಮೀನಿಗೆ ಈಜು ಕಲಿಸುವುದೂ ಒಂದೇ. ಮುಂದೆ ಹೋಗುತ್ತೇನೆ.

ಹರಳೆಣ್ಣೆ ಕೂದಲು ಬೆಳೆಸುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ. ಉದ್ದ ಕೂದಲಿಗೆ ಅದನ್ನು ಸುರಿದುಕೊಂಡರೆ ಬಿಡಿಸಲಾಗದ ಗಂಟಾಗಿ ಕತ್ತರಿಸಬೇಕಾಗಿ ಬಂದದ್ದೂ ಉಂಟು. ಈರುಳ್ಳಿ ರಸದ ವಿಷಯ: 2002ರಲ್ಲಿ ಬಾಗ್ದಾದಿನ ವೈದ್ಯರು ಒಂದು ಚಿಕ್ಕ ಅಧ್ಯಯನ ಮಾಡಿದ್ದರು. ಹಲವರಿಗೆ ಕೂದಲು ಬಂದಿತು. ಆದರೆ ಅದು ತಲೆಯಲ್ಲಿ ದುಂಡಗೆ ಒಂದೊಂದು ಕಡೆ ಕೂದಲು ಹೋಗುವ ಕಾಯಿಲೆ, ನಾವು 'ಹುಳ ತಿಂದಿದೆ' ಅನ್ನುತ್ತೇವಲ್ಲ ಅದು. ಬಾಚಣಿಗೆ ತುಂಬ ಕೂದಲು ಬರುವವರಿಗೆ ಅದನ್ನು ತಂದು ಅಂಟಿಸಿದ್ದು ವಿಡಿಯೊದವರು.

ಹೊಟ್ಟು ಇರುವವರು ಇದನ್ನು ಗಮನಿಸಿ. ತಲೆ ಒಣಗಿದ್ದಕ್ಕೆ ಹೊಟ್ಟು ಬಂತು ಅಂದುಕೊಂಡು ಎಣ್ಣೆ ಮೇಲೆ ಎಣ್ಣೆ ಹಚ್ಚುತ್ತೀರಿ. ಹೊಟ್ಟಿನ ಹಿಂದೆ ಮಲಸೀಜಿಯ ಅನ್ನುವ ಒಂದು ಬೂಸ್ಟು ಇರುತ್ತದೆ. ಅದು ಎಲ್ಲರ ತಲೆಯಲ್ಲೂ ಇರುವಂಥದ್ದೇ, ಅದರ ಊಟವೇ ಜಿಡ್ಡು. ನೀವು ಎಣ್ಣೆ ಹಚ್ಚಿ ಬಿಟ್ಟರೆ ಅದಕ್ಕೆ ಹಬ್ಬ. ಜಾಸ್ತಿ ಹೊಟ್ಟು ಇದ್ದಾಗ ಎಣ್ಣೆ ಕಡಿಮೆ ಮಾಡಿ, ಮೆಡಿಕಲ್ ಶಾಪಿನಲ್ಲಿ ಕೀಟೊಕೊನಜೋಲ್ ಇರುವ ಶಾಂಪೂ ಕೇಳಿ. ಇದು ಅಡುಗೆಮನೆಯ ಕೆಲಸವಲ್ಲ.

ಕೂದಲು ಉದುರುವುದೂ ಹಾಗೆಯೇ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ. ಹೆರಿಗೆಯಾಗಿ ಮೂರು ನಾಲ್ಕು ತಿಂಗಳಿಗೆ ಬಾಣಂತಿಯರಿಗೆ ಗೊಂಚಲು ಗೊಂಚಲಾಗಿ ಉದುರುತ್ತದೆ, ಹೆದರಬೇಡಿ, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಅದಕ್ಕಿಂತ ಜಾಸ್ತಿ ಅನ್ನಿಸಿದರೆ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆ ಇರಬಹುದು, ಥೈರಾಯಿಡ್ ಇರಬಹುದು. ಕಬ್ಬಿಣ ಅಂದಾಗ ನಮ್ಮ ಊರಿನ ಒಂದು ಅಭ್ಯಾಸ ಹೇಳಲೇಬೇಕು. ಕಾಫಿ ಸೀಮೆಯವರು ನಾವು. ತಿಂಡಿ ತಟ್ಟೆಯ ಪಕ್ಕದಲ್ಲೇ ಲೋಟ ಇರಬೇಕು. ಊಟ ತಿಂಡಿಯ ಜೊತೆಗೇ ಕಾಫಿ, ಟೀ ಕುಡಿದರೆ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಕಾಫಿ ಬಿಡಿ ಅಂತ ಚಿಕ್ಕಮಗಳೂರು, ಹಾಸನದಲ್ಲಿ ನಿಂತು ಹೇಳುವಷ್ಟು ಧೈರ್ಯ ನನಗಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಊಟಕ್ಕೆ ನಿಂಬೆಹುಳಿ ಹಿಂಡಿಕೊಳ್ಳಿ, ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಕೂದಲಿಗೆ ನಿಂಬೆಹಣ್ಣಿನಿಂದ ಆಗುವ ದೊಡ್ಡ ಉಪಕಾರ ತಟ್ಟೆಯಲ್ಲೇ.

ಮುಖಕ್ಕೆ ಮಾತ್ರ ನಿಂಬೆ ಬೇಡ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹುಳಿ ಅಳೆಯುವ ಪಿಎಚ್ ಅನ್ನುವ ಅಳತೆ ಇದೆ, ಶಾಲೆಯಲ್ಲಿ ಓದಿದ್ದೀರಿ. ನಮ್ಮ ಚರ್ಮದ ಪಿಎಚ್ ಸುಮಾರು 5, ಅಂದರೆ ಚೂರು ಹುಳಿ. ಮೊಸರು ನಾಲ್ಕೂವರೆ ಹತ್ತಿರ. ನಿಂಬೆರಸ ಎರಡರ ಆಸುಪಾಸು. ಎರಡೂವರೆ ಅಂಕಿಯ ವ್ಯತ್ಯಾಸ ಅಷ್ಟೇ ತಾನೆ ಅನ್ನಬೇಡಿ. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಮೊಸರಿಗಿಂತ ನಿಂಬೆ ನೂರು ಪಟ್ಟಿಗೂ ಹೆಚ್ಚು ಹುಳಿ. ಇನ್ನೊಂದು ಕಡೆ ಅಡುಗೆ ಸೋಡಾ ಎಂಟರ ಮೇಲೆ, ಸೋಪು ಒಂಬತ್ತು ಹತ್ತು. ನಿಂಬೆ ಹಚ್ಚಿ, ಉರಿಯಿತು ಅಂತ ಸೋಡಾ ಹಚ್ಚುವವರೂ ಇದ್ದಾರೆ. ಚರ್ಮ ಏನು ಪಾಪ ಮಾಡಿತ್ತು?

ನಿಂಬೆಯ ಇನ್ನೊಂದು ಕಾಟ ಬಿಸಿಲಿನದು. ಅದರ ಸಿಪ್ಪೆ, ರಸದಲ್ಲಿ ಫ್ಯೂರೋಕೂಮರಿನ್ ಅನ್ನುವ ಪದಾರ್ಥಗಳಿವೆ. ಅವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕೆಂಪಾಗಿ, ಕೆಲವೊಮ್ಮೆ ಬೊಕ್ಕೆ ಎದ್ದು, ಆಮೇಲೆ ಕಪ್ಪು ಕಲೆ ಉಳಿಯುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ. ರಾಮನವಮಿಗೆ ಬೀದಿಯಲ್ಲಿ ಪಾನಕಕ್ಕೆ ರಾಶಿ ನಿಂಬೆ ಹಿಂಡಿದವರ ಕೈ ಮೇಲೆ ಹೀಗಾಗುವುದುಂಟು. ಕಲೆ ಹೋಗಲಿ ಅಂತ ನಿಂಬೆ ಹಚ್ಚಿ ಕಲೆಯನ್ನೇ ಕೊಂಡುಕೊಂಡ ಹಾಗಾಯಿತು.

ಹುಳಿ ಬೇಕೇ ಅಂದರೆ ಮೊಸರು ಇದೆ. ಮೊಸರಿನ ಲ್ಯಾಕ್ಟಿಕ್ ಆಮ್ಲ ಸತ್ತ ಚರ್ಮದ ಪದರವನ್ನು ಮೆಲ್ಲಗೆ ಸಡಿಲ ಮಾಡುತ್ತದೆ. ಹೆಸರುಹಿಟ್ಟು ಎರಡು ಚಮಚ, ಕಲಸುವಷ್ಟು ಮೊಸರು. ಹತ್ತು ನಿಮಿಷ ಇಟ್ಟು, ಒಣಗಿ ಬಿಗಿಯುವ ಮೊದಲೇ ನೀರು ಹಾಕಿ ತೊಳೆಯಿರಿ. ಬಿಗಿದಷ್ಟೂ ಒಳ್ಳೆಯದು ಅನ್ನುವುದು ಸುಳ್ಳು, ಆಗ ಚರ್ಮದ ತೇವವೇ ಹೋಗುತ್ತದೆ. ಹಿಟ್ಟನ್ನು ಬೆರಳಿನ ನಡುವೆ ತಿಕ್ಕಿ ನೋಡಿ, ತರಿ ಸಿಕ್ಕರೆ ಮತ್ತೆ ಜರಡಿ ಹಿಡಿಯಿರಿ.

ತರಿ ಅಂದಾಗ ಕಾಫಿ ಚರಟ. ಫಿಲ್ಟರಿನಲ್ಲಿ ಉಳಿದದ್ದನ್ನು ಬಿಸಾಡಲು ಮನಸ್ಸು ಬರುವುದಿಲ್ಲ, ನನಗೂ ಅಷ್ಟೇ. ಅದನ್ನು ಮೊಣಕೈಗೆ, ಮೊಣಕಾಲಿಗೆ, ಹಿಮ್ಮಡಿಗೆ ಎಣ್ಣೆ ಸೇರಿಸಿ ತಿಕ್ಕಿ. ಮುಖಕ್ಕೆ ಬೇಡ, ಅದು ಮುಖದ ಚರ್ಮಕ್ಕೆ ಬಹಳ ಒರಟು. ಬಚ್ಚಲ ಪೈಪು ಕಟ್ಟಿಕೊಂಡರೆ ನನ್ನ ಹೆಸರು ಹೇಳಬೇಡಿ.

ಅರಿಶಿನ. ಅರಿಶಿನದ ಕರ್ಕ್ಯುಮಿನ್ ಬಾವು ಇಳಿಸುತ್ತದೆ ಅನ್ನುವುದರ ಮೇಲೆ ಬಹಳ ಕೆಲಸ ನಡೆದಿದೆ. ಆದರೆ ಅದು ಚರ್ಮದೊಳಗೆ ಸುಲಭವಾಗಿ ಇಳಿಯುವಂಥದ್ದಲ್ಲ. ಹಚ್ಚಿದಾಗ ಬರುವ ಹೊಳಪು ಮುಕ್ಕಾಲು ಪಾಲು ಹಳದಿ ಬಣ್ಣದ್ದೇ. ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನೋಡಿದವರು ಇಲ್ಲಿರಬೇಕು, ಈಚಿನದು 2018ರಲ್ಲಿ ಆಯಿತು. ಎಳನೀರು, ಕಬ್ಬಿನ ಹಾಲು, ಹಾಲು, ಅಕ್ಕಿಹಿಟ್ಟು, ಅರಿಶಿನ, ಗಂಧ, ಒಂದಾದ ಮೇಲೊಂದು ಸುರಿಯುತ್ತಾ ಹೋದ ಹಾಗೆ 58 ಅಡಿಯ ಆ ಮೂರ್ತಿಯ ಬಣ್ಣವೇ ಬದಲಾಗುತ್ತದೆ. ಎರಡು ಕಣ್ಣು ಸಾಲದು. ಆಮೇಲೆ ನೀರು ಬಿದ್ದ ಕೂಡಲೇ ಮತ್ತೆ ಅದೇ ಕಲ್ಲು. ಸರಿ, ವಿಷಯಕ್ಕೆ ಬರುತ್ತೇನೆ.

ಅರಿಶಿನ ಹಚ್ಚುವುದಾದರೆ ಕೊಂಬು ತೇಯ್ದು ಹಚ್ಚಿ. ಪ್ಯಾಕೆಟ್ ಪುಡಿಯಾದರೆ ಮೊದಲು ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ, ಕದಡದೆ ಬಿಡಿ. ಒಳ್ಳೆಯದು ತಳಕ್ಕೆ ಕೂರುತ್ತದೆ, ನೀರು ತಿಳಿ ಹಳದಿಯಾಗುತ್ತದೆ. ನೀರು ಗಾಢ ಹಳದಿಯಾದರೆ ಬಣ್ಣ ಬೆರೆಸಿದ್ದಾರೆ. ಅದು ಸಾರಿಗೂ ಬೇಡ, ಮುಖಕ್ಕೂ ಬೇಡ.

ಹಿಮ್ಮಡಿ ಒಡೆಯುವುದಕ್ಕೆ ಮಲೆನಾಡಿನವರ ಹತ್ತಿರ ನನಗೆ ಗೊತ್ತಿರುವ ಅತಿ ಒಳ್ಳೆಯ ಮದ್ದು ಇದೆ, ಉಪ್ಪಾಗೆ ತುಪ್ಪ. ಉಪ್ಪಾಗೆ ಅನ್ನುವ ಹುಳಿ ಹಣ್ಣಿನ ಬೀಜದಿಂದ ತೆಗೆಯುವ ಗಟ್ಟಿ ಕೊಬ್ಬು. ಮುರುಗಲ ತುಪ್ಪವೂ ಅದೇ ಜಾತಿಯದು. ಕೈಯಲ್ಲಿ ಹಿಡಿದರೆ ಗಟ್ಟಿ, ತಿಕ್ಕಿದರೆ ಮೈ ಬಿಸಿಗೆ ನಿಧಾನಕ್ಕೆ ಕರಗುತ್ತದೆ. ಎಣ್ಣೆಯ ಹಾಗೆ ಹರಿದು ಹಾಸಿಗೆಗೆ ಮೆತ್ತುವುದಿಲ್ಲ, ಬಿರುಕಿನಲ್ಲೇ ಕೂರುತ್ತದೆ. ಕ್ರಮ ಮುಖ್ಯ. ಹದಾ ಬಿಸಿನೀರಿನಲ್ಲಿ ಕಾಲು ಹತ್ತು ನಿಮಿಷ ಇಡಿ, ಕಲ್ಲಿನಲ್ಲಿ ತಿಕ್ಕಿ, ಒರೆಸಿ, ಇನ್ನೂ ಪಸೆ ಇರುವಾಗಲೇ ಹಚ್ಚಿ, ಕಾಲುಚೀಲ ಹಾಕಿ ಮಲಗಿ. ತುಪ್ಪ ತೇವ ಕೊಡುವುದಿಲ್ಲ, ಇರುವ ತೇವವನ್ನು ಕಾಯುತ್ತದೆ. ಒಣಗಿದ ಕಾಲಿಗೆ ಎಷ್ಟು ಮೆತ್ತಿದರೂ ಅರ್ಧ ಲಾಭ. ಉಪ್ಪಾಗೆ ಸಿಗದವರು ಮನೆಯ ತುಪ್ಪ, ಕೊಬ್ಬರಿ ಎಣ್ಣೆ ಹಚ್ಚಿ. ತುಟಿಗೂ ತುಪ್ಪ ಸರಿ. ಮೊಡವೆ ಇರುವವರ ಮುಖಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟುತ್ತದೆ.

ಮಳೆಗಾಲದಲ್ಲಿ ಗದ್ದೆ, ತೋಟದಲ್ಲಿ ನಿಂತು ಕಾಲ್ಬೆರಳ ಸಂದಿ ಬೆಂದವರಿಗೆ ಇದರ ತದ್ವಿರುದ್ಧ. ಅಲ್ಲಿ ಎಣ್ಣೆ ಬೇಡ, ಒಣಗಿಸಬೇಕು. ವಾರದಲ್ಲಿ ವಾಸಿಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ವಾರವೂ ಕಾಯಬೇಡಿ.

ಬಿಸಿಲಿಗೆ ಅಡುಗೆಮನೆಯಲ್ಲಿ ಏನೂ ಇಲ್ಲ. ಹಾಸನವೂ ಚಿಕ್ಕಮಗಳೂರೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿವೆ. ಸಾವಿರ ಮೀಟರ್ ಏರಿದರೆ ನೇರಳಾತೀತ ಕಿರಣ ಶೇಕಡಾ 10ರಷ್ಟು ಜಾಸ್ತಿ. ಗಾಳಿ ತಂಪಾಗಿರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಕೊಡೆ, ಟೋಪಿ, ಸೆರಗು, ಆಗುವವರು ಸನ್‌ಸ್ಕ್ರೀನ್. ಇನ್ನು ಬೆಳ್ಳಗಾಗಲು ಅಂತ ಡಾಕ್ಟರ ಚೀಟಿ ಇಲ್ಲದೆ ಕೊಡುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ತಿಂಗಳು ಎರಡು ತಿಂಗಳಿಗೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಬಿಟ್ಟರೆ ಉರಿ. ಅದಕ್ಕೆ ಹೋಲಿಸಿದರೆ ನಿಮ್ಮ ಹೆಸರುಹಿಟ್ಟು ದೇವರು.

ಇಡುವ ವಿಷಯ. ನೀರು, ಮೊಸರು, ಹಾಲು, ಹಣ್ಣು ಬಿದ್ದದ್ದು ಯಾವುದೂ ಉಳಿಯುವುದಿಲ್ಲ. ಆಗಲೇ ಮಾಡಿ, ಆಗಲೇ ಮುಗಿಸಿ, ಫ್ರಿಜ್ಜಿನಲ್ಲಿಟ್ಟರೂ ಎರಡು ದಿನ. ವಾಸನೆ ಬರುವ ಮೊದಲೇ ಸೂಕ್ಷ್ಮಜೀವಿಗಳು ಬೆಳೆದಿರುತ್ತವೆ. ಒಣ ಪುಡಿ, ಬರೀ ಎಣ್ಣೆ ತಿಂಗಳುಗಟ್ಟಲೆ ಇರುತ್ತವೆ, ಒದ್ದೆ ಕೈ ಹಾಕದಿದ್ದರೆ. ಇದನ್ನು ಮಾರಬೇಕು ಅಂತಿರುವ ಸ್ವಸಹಾಯ ಸಂಘದವರು ಪುಡಿಯಿಂದಲೇ ಶುರು ಮಾಡಿ. ಲೋಳೆಸರದ ಜೆಲ್ ಬಾಟಲಿಗೆ ತುಂಬಲು ಹೋಗಬೇಡಿ. ಅಂದ ಹಾಗೆ, ಲೋಳೆಸರ ಕತ್ತರಿಸಿದಾಗ ಮೊದಲು ಇಳಿಯುವ ಹಳದಿ ರಸ ಕೆಲವರಿಗೆ ತುರಿಕೆ ತರುತ್ತದೆ. ಎಲೆಯನ್ನು ನೆಟ್ಟಗೆ ನಿಲ್ಲಿಸಿ ಅದು ಪೂರ್ತಿ ಇಳಿಯಲಿ, ಆಮೇಲೆ ಒಳಗಿನದನ್ನು ತೆಗೆಯಿರಿ.

ಕೂಸುಗಳ ಬಗ್ಗೆ ಒಬ್ಬರು ಕೇಳಿದ್ದಾರೆ. ಎಣ್ಣೆ ತಿಕ್ಕಿ, ಹೆಸರುಹಿಟ್ಟಿನಲ್ಲಿ ಮೀಯಿಸಿ, ಬೇಡ ಅನ್ನುವುದಿಲ್ಲ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಎರೆಯುವ ಅಜ್ಜಿ ಕೋಪಿಸಿಕೊಳ್ಳುತ್ತಾರೆ, ಡಾಕ್ಟರು ಹೇಳಿದರು ಅನ್ನಿ.

ಕೊನೆಯ ಚೀಟಿ ಬಿಳಿಕೂದಲಿನದು. ಮದರಂಗಿ ಇದೆ. ಕಬ್ಬಿಣದ ಬಾಣಲೆಯಲ್ಲಿ ಗಟ್ಟಿ ಕಾಫಿ ಡಿಕಾಕ್ಷನ್ ಹಾಕಿ ರಾತ್ರಿ ಕಲಸಿಡುವುದು ನಮ್ಮ ಕಡೆಯ ರೂಢಿ. ಬಾಣಲೆಯ ಕಬ್ಬಿಣ ಸೇರಿ ಕೆಂಪು ಬಣ್ಣ ಸ್ವಲ್ಪ ಕಂದಿಗೆ ತಿರುಗುತ್ತದೆ. ನಿಜವಾದ ಮದರಂಗಿ ಗಂಟೆಗಟ್ಟಲೆ ಹಿಡಿಯುತ್ತದೆ, ಕಪ್ಪು ಕೊಡುವುದೇ ಇಲ್ಲ. ಹತ್ತು ನಿಮಿಷಕ್ಕೆ ಕಡುಕಪ್ಪು ಅಂತ ಬರೆದ 'ಕಪ್ಪು ಮದರಂಗಿ' ಪ್ಯಾಕೆಟ್ಟಿನಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಬಣ್ಣ ಇರುವುದೇ ಹೆಚ್ಚು. ಅದು ಕೆಲವರಿಗೆ ಮುಖ, ಕಣ್ಣು ಊದುವಷ್ಟು ಒಗ್ಗುವುದಿಲ್ಲ. ಅದಿರಲಿ, ಮನೆಯಲ್ಲೇ ಮಾಡಿದ್ದಿರಲಿ, ಹೊಸದನ್ನು ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ನೋಡಿ. ಮದುವೆಗೆ ಹೊರಡುವ ಹಿಂದಿನ ರಾತ್ರಿ ಯಾವ ಹೊಸ ಪ್ರಯೋಗವೂ ಬೇಡ.